ಕೊಲೆಸ್ಟ್ರಾಲ್ ಇಳಿಸಲು ಕಡಂಬುಟ್ಟು ಬಿಡಬೇಕೆ?

ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 160 ದಾಟಿದೆ, ತೂಕವೂ ಏರಿದೆ, ವೈದ್ಯರು ನಾರಿನಂಶ ಹೆಚ್ಚಿಸಲು ಹೇಳಿದ್ದಾರೆ, ಇನ್ನು ಕಡಂಬುಟ್ಟಿನಂಥ (ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ ಉಂಡೆ) ನಮ್ಮ ಕೊಡಗಿನ ಅಡುಗೆ ಬಿಟ್ಟು ಓಟ್ಸ್ ತಿನ್ನಬೇಕೆ ಎಂದು ಕೇಳಿದ್ದೀರಿ. ಬಿಡಬೇಕಾಗಿಲ್ಲ. ಆದರೆ ಅಕ್ಕಿಯ ಪಾಲನ್ನು ಕಡಿಮೆ ಮಾಡಿ ಆ ಜಾಗಕ್ಕೆ ನಾರನ್ನು ತರಬೇಕು. ಇದ್ದ ಊಟದ ಮೇಲೆ ಇನ್ನಷ್ಟು ಸೇರಿಸಿದರೆ ತೂಕ ಇಳಿಯುವುದಿಲ್ಲ. ನಾನು ಸೋಮವಾರಪೇಟೆ ಕಡೆಯವಳು. ನಮ್ಮ ಯಜಮಾನರಿಗೂ ಇದೇ ತೊಂದರೆ ಇರುವುದರಿಂದ ಮನೆಯ ಅಡುಗೆಯನ್ನು ಈ ಲೆಕ್ಕದಲ್ಲೇ ನಡೆಸುತ್ತಿದ್ದೇನೆ.

ಎಲ್ಲ ನಾರೂ ಕೊಲೆಸ್ಟ್ರಾಲ್ ಇಳಿಸುವುದಿಲ್ಲ. ಆ ಕೆಲಸ ಮುಖ್ಯವಾಗಿ ನೀರಿನಲ್ಲಿ ಕರಗಿ ಲೋಳೆಯಾಗುವ ನಾರಿನದು. ಯಕೃತ್ತು ಕೊಲೆಸ್ಟ್ರಾಲ್‌ನಿಂದ ಕೊಬ್ಬನ್ನು ಜೀರ್ಣಿಸಲು ನೆರವಾಗುವ ಪಿತ್ತಾಮ್ಲಗಳನ್ನು ತಯಾರಿಸುತ್ತದೆ, ಕರುಳು ಅವುಗಳ ಬಹುಭಾಗವನ್ನು ಹೀರಿ ಹಿಂದಕ್ಕೆ ಕಳುಹಿಸುತ್ತದೆ. ಲೋಳೆಯಾದ ನಾರು ಅವುಗಳಲ್ಲಿ ಒಂದಷ್ಟನ್ನು ಹಿಡಿದು ಮಲದೊಂದಿಗೆ ಹೊರಹಾಕಿದಾಗ, ಕೊರತೆ ತುಂಬಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ. ದಿನಕ್ಕೆ 5ರಿಂದ 10 ಗ್ರಾಂ ಇಂಥ ನಾರು ದೊರೆತರೆ ಎಲ್‌ಡಿಎಲ್ ಸುಮಾರು ಶೇ 5ರಷ್ಟು ಇಳಿಯುತ್ತದೆ. ಓಟ್ಸ್‌ಗೆ ಹೆಸರು ಬಂದಿರುವುದೂ ಈ ಗುಣದಿಂದಲೇ, ಆದರೆ ಅದು ಓಟ್ಸ್ ಒಂದರ ಸ್ವತ್ತಲ್ಲ.

ರಾಗಿಯ ವಿಷಯದಲ್ಲಿ ಅನೇಕರಿಗೆ ಗೊಂದಲವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ಬೇಗ ಹೊಟ್ಟೆ ತುಂಬುವುದಕ್ಕೆ, ಮಲಬದ್ಧತೆಗೆ ರಾಗಿ ಒಳ್ಳೆಯದು. ಆದರೆ ಅದರ ನಾರಿನಲ್ಲಿ ಹೆಚ್ಚಿನದು ಕರಗದ ಬಗೆಯದು. ಎಲ್‌ಡಿಎಲ್ ಇಳಿಸಲು ನಾನು ಹೆಚ್ಚು ನಂಬುವುದು ಕಾಳುಗಳನ್ನು: ಅಲಸಂದೆ, ಹುರುಳಿ, ಕಡಲೆಕಾಳು, ರಾಜ್ಮಾ. ನಮ್ಮಲ್ಲಿ ಈಗ ಕಡಂಬುಟ್ಟು ಮೊದಲಿನ ಅರ್ಧದಷ್ಟು ಮಾತ್ರ. ಉಳಿದ ಜಾಗಕ್ಕೆ ರಾತ್ರಿ ನೆನೆಸಿಟ್ಟ ಅಲಸಂದೆಯನ್ನು ಹಲಸಿನ ಬೀಜದ ಜೊತೆ ಬೇಯಿಸಿದ ಗಟ್ಟಿ ಸಾರು, ಮೇಲೆ ಸ್ವಲ್ಪ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ). ಬೀಜದ ಹೊರಗಿನ ಬಿಳಿ ಸಿಪ್ಪೆಯನ್ನಷ್ಟೇ ತೆಗೆದು, ಒಳಗಿನ ಕಂದು ಪೊರೆಯನ್ನು ಹಾಗೇ ಬಿಡುತ್ತೇನೆ. ಕೆರೆದು ಎಸೆದರೆ ನಾರೂ ಅದರೊಂದಿಗೆ ಹೋಗುತ್ತದೆ. ಬೆಂಡೆಕಾಯಿಯ ಲೋಳೆಯನ್ನು ಹುರಿದು ಒಣಗಿಸಬೇಡಿ, ನಮಗೆ ಬೇಕಾದದ್ದು ಅದೇ. ಕಿತ್ತಳೆಯನ್ನು ರಸ ಹಿಂಡದೆ, ತೊಳೆಗಳ ಮೇಲಿನ ಬಿಳಿ ನಾರು ಸಮೇತ ತಿನ್ನಿ.

ಮಳೆಗಾಲದ ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು, ಅಣಬೆ, ಬಾಳೆದಿಂಡು ಇವೆಲ್ಲ ಕ್ಯಾಲೊರಿ ಕಡಿಮೆ ಇದ್ದು ತಟ್ಟೆ ತುಂಬುವಂಥವು. ಕಣಿಲೆಯನ್ನು ಮಾತ್ರ ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿ ನೀರು ಚೆಲ್ಲಿಯೇ ಬಳಸಬೇಕು, ಏಕೆಂದರೆ ಹಸಿಯದರಲ್ಲಿ ಸಯನೈಡ್ ಉಂಟುಮಾಡುವ ಅಂಶವಿದೆ.

ನಾರು ಹೆಚ್ಚಿಸಿದ ಮಾತ್ರಕ್ಕೆ ಪಂದಿಕರಿಯ (ಹಂದಿಮಾಂಸದ ಸಾರು) ಕೊಬ್ಬಿನ ಪರಿಣಾಮ ಅಳಿಯುವುದಿಲ್ಲ. ಹಬ್ಬಕ್ಕೋ ಮದುವೆಗೋ ತಿನ್ನಿ, ಕೊಬ್ಬಿನ ತುಂಡುಗಳನ್ನು ಬದಿಗಿಡಿ. ಇಲ್ಲಿಯವರು ಗಮನಿಸದ ಇನ್ನೊಂದು ಸಂಗತಿಯೆಂದರೆ ಕಾಫಿ: ಪುಡಿಯನ್ನು ನೀರಿಗೆ ಹಾಕಿ ಕುದಿಸುವ ಬೆಲ್ಲದ ಕಾಫಿಯಲ್ಲಿ ಉಳಿಯುವ ಎಣ್ಣೆಯಂಥ ಅಂಶವು ಎಲ್‌ಡಿಎಲ್ ಏರಿಸುತ್ತದೆ, ಕಾಗದದ ಫಿಲ್ಟರಿನಲ್ಲಿ ಸೋಸಿದರೆ ಅದರ ಬಹುಭಾಗ ನಿಲ್ಲುತ್ತದೆ. ದಿನಕ್ಕೆ ಹಲವು ಲೋಟ ಕುಡಿಯುವ ತೋಟದ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ಒಂದೇ ವಾರದಲ್ಲಿ ಅಷ್ಟಕ್ಕೆ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ ಹೆಚ್ಚಿಸಿ, ನೀರನ್ನೂ ಹೆಚ್ಚು ಕುಡಿಯಿರಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ನಾರಿಗಾಗಿ ತೆಗೆದುಕೊಳ್ಳುವ ಇಸಬ್‌ಗೋಲಿಗೂ ಕೆಲವು ಗಂಟೆಗಳ ಅಂತರವಿರಲಿ. ಸುಮಾರು ಮೂರು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಿ, ಮತ್ತು ವೈದ್ಯರು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಬರೆದುಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.