ಹಳೆ ಲೋಹದ ಕಳೆ ಕೊಳೆಯಲ್ಲಿದೆ

ಪ್ರಶ್ನೆ: ಪಾಲಿಮರ್ ಕ್ಲೇಯಲ್ಲಿ (ಓವನ್ ಶಾಖಕ್ಕೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಸ್ಟೀಮ್‌ಪಂಕ್ ಶೈಲಿಯ ಪದಕ ಮಾಡಿದೆ. ಕೆಟ್ಟುಹೋದ ಕೈಗಡಿಯಾರದ ಗೇರ್‌ಗಳನ್ನು ಒತ್ತಿ ಕೂರಿಸಿ, ಓವನ್‌ನಲ್ಲಿ ಸುಟ್ಟು, ಮೇಲೆ ಚಿನ್ನದ ಬಣ್ಣ ಬಳಿದೆ. ನೋಡಿದರೆ ಮಕ್ಕಳ ಆಟಿಕೆ ಥರ ಇದೆ. ಎರಡು ಗೇರ್ ಉದುರಿಹೋದವು. ಅಂಚೂ ಪಟ್ಟನೆ ಮುರಿಯಿತು. ಇದಕ್ಕೆಂದೇ ಮಾರುವ ಉಪಕರಣಗಳು ನನ್ನ ಹತ್ತಿರ ಇಲ್ಲ. ಅವಿಲ್ಲದೆ ಆಗುವುದಿಲ್ಲವೇ?

ಉತ್ತರ: ಉಪಕರಣದ ತಪ್ಪಲ್ಲ ಬಿಡಿ. ನೀವು ಬಣ್ಣವನ್ನು ತಿರುವುಮುರುವಾಗಿ ಹಚ್ಚಿದ್ದೀರಿ, ಅಷ್ಟೇ.

ಸ್ಟೀಮ್‌ಪಂಕ್ ಎಂದರೆ 19ನೇ ಶತಮಾನದ ಹಬೆ ಯಂತ್ರಗಳನ್ನು ನೆನಪಿಸುವ ಶೈಲಿ. (1987ರಲ್ಲಿ ಕೆ. ಡಬ್ಲ್ಯೂ. ಜೀಟರ್ ಎಂಬ ಲೇಖಕರು ಈ ಹೆಸರನ್ನು ಅರ್ಧ ತಮಾಷೆಗೆ ಇಟ್ಟರು.) ಅಂಥ ಯಂತ್ರದ ಸಂದಿಗಳಲ್ಲಿ ಎಣ್ಣೆ, ಮಸಿ ಕೂತಿರುತ್ತದೆ. ಕೈ ತಾಗುವ ಉಬ್ಬುಗಳು ಮಾತ್ರ ಉಜ್ಜಿ ಉಜ್ಜಿ ಹೊಳೆಯುತ್ತವೆ. ನೀವು ಸಂದಿಗೂ ಚಿನ್ನ ತುಂಬಿದಿರಿ. ಹಾಗಾಗಿ ಅದು ಆಟಿಕೆ ಆಯಿತು.

ಕಪ್ಪು ಇಲ್ಲವೇ ಗಾಢ ಕಂದು ಕ್ಲೇಯಿಂದ ಶುರು ಮಾಡಿ. ಸುಡುವ ಮೊದಲು ಮೈಕಾ ಪುಡಿಯನ್ನು (ಲೋಹದಂತೆ ಹೊಳೆಯುವ ಅಭ್ರಕದ ಪುಡಿ) ಒಣ ಬೆರಳ ತುದಿಯಲ್ಲಿ ಉಬ್ಬುಗಳ ಮೇಲಷ್ಟೇ ಸವರಿ. ಆಮೇಲೆ ಊದಬೇಡಿ, ಪುಡಿ ಮೂಗಿಗೇ ಬರುತ್ತದೆ. ಸುಟ್ಟು ಆರಿದ ಮೇಲೆ ಗಾಢ ಕಂದು ಅಕ್ರಿಲಿಕ್ ಬಣ್ಣವನ್ನು ಹಳೆ ಟೂತ್‌ಬ್ರಶ್‌ನಿಂದ ಸಂದಿಗೆಲ್ಲ ತಿಕ್ಕಿ, ಒಣಗುವ ಮೊದಲೇ ಒದ್ದೆ ಬಟ್ಟೆಯಲ್ಲಿ ಮೇಲ್ಮೈ ಒರೆಸಿಬಿಡಿ. ತಗ್ಗಿನಲ್ಲಿ ಕೊಳೆ ಉಳಿಯುತ್ತದೆ. ನಮಗೆ ಬೇಕಾದ್ದೂ ಅದೇ, ಅಲ್ವಾ?

ಕೊಳೆ ಕೂರಲು ತಗ್ಗು ಬೇಕು. ಅದನ್ನು ಮಾಡಲು ಮನೆಯ ಡ್ರಾಯರ್ ಸಾಕು. ಖಾಲಿ ಬಾಲ್‌ಪೆನ್ ರೀಫಿಲ್‌ನ ಹಿಂಬದಿಯನ್ನು ಪುಟ್ಟ ಕ್ಲೇ ಗುಂಡಿನ ಮೇಲೆ ಒತ್ತಿದರೆ ರಿವೆಟ್ (ಲೋಹದ ಹಾಳೆ ಜೋಡಿಸುವ ಗುಂಡು ತಲೆಯ ಮೊಳೆ) ತಯಾರು. ಸ್ಕ್ರೂ ಒಂದನ್ನು ಕ್ಲೇ ಮೇಲೆ ಉರುಳಿಸಿದರೆ ಸಾಲು ಗೀರು ಬೀಳುತ್ತವೆ. ಟೀ ಸೋಸುವ ಜಾಲರಿ ಒತ್ತಿದರೆ ಯಂತ್ರದ ಕಿಂಡಿ. ಅಂಟಿಕೊಂಡರೆ ಚೂರು ಕಾರ್ನ್‌ಫ್ಲೋರ್ ಉದುರಿಸಿ. ಗೇರ್ ಕೂಡ ನೀವೇ ಮಾಡಬಹುದು: ಪೆನ್ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಗಡಿಯಾರದ 12, 3, 6, 9ರ ಜಾಗದಲ್ಲಿ ಮೊಂಡು ಚಾಕುವಿನಿಂದ ಕಚ್ಚು ಹಾಕಿ. ನಡುನಡುವೆ ಒಂದೊಂದು ಕಚ್ಚು ಹಾಕಿದರೆ 8 ಹಲ್ಲು. ಇನ್ನೊಂದು ಸುತ್ತಿಗೆ 16. ಸ್ವಲ್ಪ ಓರೆಕೋರೆ ಆದರೂ ಪರವಾಗಿಲ್ಲ, ನನಗಂತೂ ಹಾಗೇ ಇಷ್ಟ. ಒಂದು ಮಾತು: ಕ್ಲೇಗೆ ಬಳಸಿದ ಜಾಲರಿ, ಚಾಕು, ಲಟ್ಟಣಿಗೆ ಮತ್ತೆ ಅಡುಗೆಗೆ ಬೇಡ.

ಇನ್ನು ಉದುರಿದ ಗೇರ್. ಕ್ಲೇ ಲೋಹಕ್ಕೆ ಅಂಟುವುದಿಲ್ಲ, ಹಿಡಿದಿಟ್ಟುಕೊಳ್ಳಬೇಕು ಅಷ್ಟೇ. ಗೇರ್‌ನ ನಡುವಿನ ತೂತಿನ ಮೇಲೆ ಕ್ಲೇ ಗುಂಡು ಇಟ್ಟು, ಕೆಳಗಿನ ಕ್ಲೇಗೆ ಕೂಡುವಂತೆ ಒತ್ತಿ. ಮೇಲೆ ಅಗಲವಾಗಿ ಹರಡಿದ ತಲೆಯೇ ಅದನ್ನು ಹಿಡಿಯುತ್ತದೆ. ತೂತಿಲ್ಲದಿದ್ದರೆ ಸುಟ್ಟ ಮೇಲೆ ಗೇರ್ ಎಬ್ಬಿಸಿ, ಅದೇ ಗುಳಿಯಲ್ಲಿ ಸೂಪರ್‌ಗ್ಲೂ ಹಾಕಿ ಕೂರಿಸಿ. ಬಿಚ್ಚುವ ಗಡಿಯಾರ ತುಂಬಾ ಹಳೆಯದಾದರೆ ಹುಷಾರು. 1960ರ ದಶಕದವರೆಗೂ ಕತ್ತಲಲ್ಲಿ ಹೊಳೆಯಲೆಂದು ಕೆಲವು ಗಡಿಯಾರಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಅಂಥದ್ದನ್ನು ಬಿಚ್ಚಲೇಬೇಡಿ.

ಅಂಚು ಮುರಿದದ್ದು ಬಹುಶಃ ಸರಿಯಾಗಿ ಬೇಯದೆ. ಚೆನ್ನಾಗಿ ಬೆಂದ ತೆಳು ತುಂಡು ಸ್ವಲ್ಪ ಬಾಗುತ್ತದೆ, ಪಟ್ಟನೆ ಮುರಿಯುವುದಿಲ್ಲ. ಸಾಮಾನ್ಯವಾಗಿ 110ರಿಂದ 130 ಡಿಗ್ರಿ ಸೆಲ್ಸಿಯಸ್, 6 ಮಿಲಿಮೀಟರ್ ದಪ್ಪಕ್ಕೆ ಅರ್ಧ ಗಂಟೆ. ಆದರೂ ನಿಮ್ಮ ಪೊಟ್ಟಣದ ಮೇಲೆ ಬರೆದದ್ದೇ ಕೊನೆ ಮಾತು. ಓವನ್‌ನ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ, ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಈ ಶೈಲಿಗೆ ನಿಜಕ್ಕೂ ದುಡ್ಡು ಹಾಕಬೇಕಾದ ಉಪಕರಣ ಇದೊಂದೇ. ಸೆರಾಮಿಕ್ ಬಿಲ್ಲೆಯ ಮೇಲೆ ಕಾಗದ ಹಾಸಿ, ಅದರ ಮೇಲೆ ಪದಕ ಇಟ್ಟು, ಅಲ್ಯೂಮಿನಿಯಂ ಫಾಯಿಲ್ ಅನ್ನು ಗುಡಾರದಂತೆ ಮುಚ್ಚಿದರೆ ಮೇಲ್ಮೈ ಕರಕಲಾಗುವುದಿಲ್ಲ. ಅರೆಬೆಂದದ್ದನ್ನು ಮತ್ತೆ ಸುಡಬಹುದು, ಹಾಗಾಗಿ ಆ ಪದಕ ಎಸೆಯಬೇಡಿ. ಆದರೆ ಶಾಖ ಮಿತಿ ಮೀರಿ ಕ್ಲೇ ಸುಟ್ಟುಕೊಂಡರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಕೂಡಲೇ ಓವನ್ ಆರಿಸಿ, ಕಿಟಕಿ ತೆಗೆದು ಹೊರಗೆ ಹೋಗಿ.

ಪ್ರಶ್ನೆ: ಹೊಳಪಿಗೆ ನೇಲ್ ಪಾಲಿಶ್ ಹಚ್ಚಬಹುದೇ?

ಉತ್ತರ: ಬೇಡ. ಅದರಲ್ಲಿರುವ ದ್ರಾವಕ ಕ್ಲೇಯನ್ನು ಮೆತ್ತಗೆ ಮಾಡಬಹುದು. ಇವತ್ತು ಚೆಂದ ಕಾಣುತ್ತದೆ, ಕೆಲವು ವಾರಕ್ಕೆ ಜಿಗುಟಾಗಿ ಧೂಳು ಹಿಡಿಯುತ್ತದೆ. ನೀರು ಬೆರೆಯುವ ವಾರ್ನಿಶ್ ತೆಳ್ಳಗೆ ಹಚ್ಚಿ. ಮೈಕಾ ಪುಡಿ ಸವರಿದ್ದರೆ ವಾರ್ನಿಶ್ ಬೇಕೇ ಬೇಕು, ಇಲ್ಲದಿದ್ದರೆ ಪುಡಿಯೆಲ್ಲ ಕುತ್ತಿಗೆಗೆ, ಬಟ್ಟೆಗೆ ಹತ್ತುತ್ತದೆ. ಪುಡಿ ಸವರದ ಬರೀ ಕ್ಲೇ ಆದರೆ 400, ಆಮೇಲೆ 600, ಕೊನೆಗೆ 1000 ನಂಬರಿನ ವಾಟರ್ ಪೇಪರ್‌ನಿಂದ (ಒದ್ದೆ ಮಾಡಿ ತಿಕ್ಕುವ ಉಜ್ಜುಕಾಗದ) ನೀರಿನಲ್ಲೇ ತಿಕ್ಕಿ, ಹಳೆ ಜೀನ್ಸ್ ಬಟ್ಟೆಯಲ್ಲಿ ಉಜ್ಜಿ. ವಾರ್ನಿಶ್ ಇಲ್ಲದೆಯೇ ಮಂದ ಹೊಳಪು ಬರುತ್ತದೆ.