ಬಾಯಿ ತೆರೆದು ನಿಂತ ಅಜ್ಜಿಯಿಂದ ಶುರುಮಾಡಿ

ನಮಸ್ಕಾರ,

ಸ್ಪೇನಿನ ವಲೆನ್ಸಿಯಾದಲ್ಲಿ ಸಿಡಿಮದ್ದು ಸಿಡಿಸಿ, ದೊಡ್ಡ ಗೊಂಬೆಗಳನ್ನು ಸುಡುವ ಫಾಯಾಸ್ ಹಬ್ಬದ ಕುರಿತ ನಿಮ್ಮ ಪ್ರವಾಸ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಆದರೆ ಕೈಬಿಡಲೂ ಮನಸ್ಸಿಲ್ಲ. ಕಾರಣ ಆರನೆಯ ಪುಟದ ಮೂರು ಸಾಲು: ಜನಜಂಗುಳಿಯಲ್ಲಿ ಪಕ್ಕದ ಅಜ್ಜಿಯೊಬ್ಬರು ನಿಮ್ಮ ಗದ್ದ ಮುಟ್ಟಿ, ಬಾಯಿ ತೆರೆದುಕೊಂಡಿರು ಎಂದು ಸನ್ನೆ ಮಾಡಿದ್ದು. ಸಿಡಿಮದ್ದಿನ ಸದ್ದಿಗೆ ಕಿವಿಯ ತಮಟೆಗೆ ಪೆಟ್ಟಾಗದಿರಲಿ ಎಂದು ಅಲ್ಲಿಯವರು ಹೇಳಿಕೊಡುವ ಉಪಾಯ ಅದು. ನಿಮ್ಮ ಲೇಖನ ಅಲ್ಲಿದೆ. ಮೊದಲ ಐದು ಪುಟ ಆ ಅಜ್ಜಿಯ ದಾರಿಗೆ ಅಡ್ಡ ನಿಂತಿವೆ.

ಹಗಲಿನ ಸಿಡಿಮದ್ದಿನ ಪ್ರದರ್ಶನವಾದ ಮಸ್ಕ್ಲೆತಾವನ್ನು ನೀವು 'ಆಗಸದಲ್ಲಿ ಬಣ್ಣಗಳ ಚಿತ್ತಾರ' ಎಂದಿದ್ದೀರಿ. ಮಾರ್ಚ್ 1ರಿಂದ 19ರವರೆಗೆ, ಮಧ್ಯಾಹ್ನ 2 ಗಂಟೆಯ ಬಿಸಿಲಲ್ಲಿ ಎಂಥ ಚಿತ್ತಾರ? ಅದು ಕಿವಿಗೆ, ಎದೆಗೂಡಿಗೆ ಕಟ್ಟಿದ ಪ್ರದರ್ಶನ. ಪುರಭವನದ ಬಾಲ್ಕನಿಯಿಂದ ಆ ವರ್ಷದ ಹಬ್ಬದ ರಾಣಿ 'ಸೆನ್ಯೋರ್ ಪಿರೊತೆಕ್ನಿಕ್' ಎಂದು ಮದ್ದಿನ ಮೇಸ್ತ್ರಿಯನ್ನು ಕರೆದು ಅಪ್ಪಣೆ ಕೊಡುತ್ತಾಳೆ. ಹಗ್ಗಕ್ಕೆ ಸಾಲಾಗಿ ಕಟ್ಟಿದ ಮಸ್ಕ್ಲೆತ್ ಎಂಬ ಪಟಾಕಿಗಳು ಲಯಬದ್ಧವಾಗಿ ಸಿಡಿಯುತ್ತ, ಏರುತ್ತ ಹೋಗಿ ಕೊನೆಗೆ 'ಭೂಕಂಪ'ಕ್ಕೆ ಮುಟ್ಟುತ್ತವೆ. ಅದಕ್ಕೆ ಅವರಿಟ್ಟ ಹೆಸರೇ ಅದು. ಎಲ್ಲ ಸೇರಿ ಕೆಲವೇ ನಿಮಿಷ. ನೀವು ಅಲ್ಲಿ ನಿಂತಿದ್ದವರು, ಆದರೂ ಬರೆಯುವಾಗ ಪೋಸ್ಟ್‌ಕಾರ್ಡ್ ನೋಡಿಕೊಂಡು ಬರೆದಿದ್ದೀರಿ. ಬಣ್ಣ ಬೇಕಿದ್ದರೆ 18ರ ರಾತ್ರಿಯ ಬಾಣಬಿರುಸಿನ ಪ್ರದರ್ಶನ 'ನಿತ್ ದೆಲ್ ಫೊಕ್', ಅಂದರೆ 'ಬೆಂಕಿಯ ರಾತ್ರಿ', ಇದೆ.

ದೀಪಾವಳಿಯ ಹೋಲಿಕೆಯೂ ಬೇಡ. ನಿಮ್ಮ ಊರು ಪುತ್ತೂರು ಎಂದು ಪತ್ರದಲ್ಲಿ ಬರೆದಿದ್ದೀರಿ! ಏಪ್ರಿಲ್ ಜಾತ್ರೆಯ ಸಿಡಿಮದ್ದಿನ ಅಬ್ಬರ, ಆ ಪುತ್ತೂರು ಬೆಡಿ ಕೇಳಿ ಬೆಳೆದವರಿಗೆ ಸುರುಸುರುಬತ್ತಿ ಯಾಕೆ ನೆನಪಾಯಿತೋ ನನಗೆ ತಿಳಿಯಲಿಲ್ಲ. ಒಂದೇ ಸಾಲು ಸಾಕು, ಆದರೆ ಅದು ಬೆಡಿಯದ್ದಾಗಿರಲಿ.

ಗೊಂಬೆ ಸುಡುವ ಭಾಗ ತೀರಾ ಸಪ್ಪೆ. ವರ್ಷವಿಡೀ ದುಡಿದು, ಬೀದಿ ಬೀದಿಯವರು ದುಡ್ಡು ಕೂಡಿಸಿ ನಿಲ್ಲಿಸಿದ್ದನ್ನು 19ರ ರಾತ್ರಿ ತಾವೇ ಬೆಂಕಿಗೆ ಕೊಡುತ್ತಾರೆ. ಅದನ್ನು 'ಕೆಡುಕಿನ ಮೇಲೆ ಒಳಿತಿನ ಜಯ' ಎಂದು ಮುಗಿಸಿಬಿಟ್ಟಿರಿ. ಅದು ನಮ್ಮ ರಾವಣನ ಕಥೆ, ಅವರದ್ದಲ್ಲ. ಅಲ್ಲಿ ಸುಡುವುದು ಲೇವಡಿಯನ್ನು: ರಾಜಕಾರಣಿ, ತಾರೆ, ನೆರೆಮನೆಯವನ ಚಾಳಿ. ಬಡಗಿಗಳು ಚಳಿಗಾಲದ ದೀಪದ ಕಂಬಗಳನ್ನು ಸಂತ ಜೋಸೆಫರ ದಿನ ಸುಡುತ್ತಿದ್ದರು, ಹಬ್ಬ ಅಲ್ಲಿಂದ ಹುಟ್ಟಿತು ಎಂಬುದನ್ನು ಇತಿಹಾಸವೆಂದು ಬರೆಯಬೇಡಿ, ಜನ ಹೇಳುವ ಕಥೆ ಎನ್ನಿ. 1934ರಿಂದ ಜನರ ಮತದಿಂದ ಒಂದು ಗೊಂಬೆಗೆ ಕ್ಷಮಾದಾನ ಸಿಗುತ್ತದೆ, ಅದು ಮ್ಯೂಸಿಯಮ್ ಸೇರುತ್ತದೆ. ಇದನ್ನು ನೀವು ಆವರಣ ಚಿಹ್ನೆಯೊಳಗೆ ತುರುಕಿದ್ದೀರಿ. ಹೊರಗೆ ತನ್ನಿ. ಪಕ್ಕದ ಮನೆಗಳ ಗೋಡೆಗೆ ಅಗ್ನಿಶಾಮಕರು ನೀರು ಹೊಡೆಯುತ್ತಿದ್ದರೆಂಬ ನಿಮ್ಮ ಸಾಲು ಮಾತ್ರ ಹಾಗೇ ಇರಲಿ, ಅದು ಕಣ್ಣಿಂದ ಕಂಡದ್ದು.

ಟೊಮೆಟೊ ಎರಚಾಟ, ಗೂಳಿ ಓಟದ ಪ್ಯಾರಾಗಳನ್ನು ತೆಗೆಯಿರಿ. ಊರೂ ಬೇರೆ, ತಿಂಗಳೂ ಬೇರೆ. ಯುನೆಸ್ಕೊ 2016ರಲ್ಲಿ ಈ ಹಬ್ಬವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ದಕ್ಕೆ ಅರ್ಧ ಪುಟ ಹೆಚ್ಚಾಯಿತು. 'ಅವಿಸ್ಮರಣೀಯ' ಏಳು ಸಲ ಬಂದಿದೆ, ಎಣಿಸಿದೆ.

ಮೂರು ಪುಟಕ್ಕೆ ಇಳಿಸಿ ಕಳಿಸಿ. ಇನ್ನೊಂದು ಮಾತು: ಶಬ್ದ ನಿಂತು ಹೊಗೆ ಇಳಿದ ಮೇಲೆ ಆ ಅಜ್ಜಿ ಏನು ಮಾಡಿದರು? ನೀವು ಬರೆದಿಲ್ಲ.