ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ನಮ್ಮ ಸಂಘದ ಪತ್ರಿಕೆಯ ಅಡುಗೆ ಸಂಚಿಕೆಗೆ ನೀವು ಮಡಗಾಂವ್‌ನಿಂದ ಕಳಿಸಿದ ‘ಹ್ಯಾಮ್ ಮೂಳೆಯ ಸ್ಟಾಕ್: ಒಂದು ಅವಲೋಕನ’, ಅಂದರೆ ಮೂಳೆ ಬೇಯಿಸಿ ಸೋಸಿದ ತಿಳಿಸಾರಿನ ಲೇಖನ, ಸಿಕ್ಕಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸಿಲ್ಲ. ಕಾರಣ ನಿಮ್ಮ ನಾಲ್ಕನೇ ಪುಟದಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಎರಡು ಪುಟ ತೆಗೆದುಬಿಡಿ. 1510ರಲ್ಲಿ ಅಲ್ಬುಕರ್ಕ್ ಗೋವಾ ಗೆದ್ದದ್ದು, 1961ರಲ್ಲಿ ಪೋರ್ಚುಗೀಸರು ಹೋದದ್ದು, ನಡುವೆ ಮೆಣಸಿನಕಾಯಿ, ಗೋಡಂಬಿ ಬಂದದ್ದು, ಎಲ್ಲ ಸರಿ. ಆದರೆ ನಾನೂರೈವತ್ತು ವರ್ಷ ದಾಟಿ ಬಂದರೂ ಒಲೆಯ ಮೇಲೆ ಪಾತ್ರೆಯೇ ಕಾಣುವುದಿಲ್ಲ. ಓದುವವರಿಗೆ ಅಷ್ಟು ಹೊತ್ತಿಗೆ ಹಸಿವೂ ಹೋಗಿರುತ್ತದೆ. ‘ಅನಾದಿ ಕಾಲದಿಂದಲೂ ಮಾನವ’ ಎಂದು ಶುರುವಾಗುವ ಲೇಖನಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ವಿಷಯ ಹಲಸಿನ ಹಪ್ಪಳವಾದರೂ ಅಷ್ಟೇ, ಲೋಕಲ್ ರೈಲಾದರೂ ಅಷ್ಟೇ.

ಮೂರನೇ ಪುಟದ ‘ಮಾಡುವ ವಿಧಾನ’ ನಿಮ್ಮದಲ್ಲ, ಅಲ್ವಾ? ಎಲ್ಲಿಂದಲೋ ಎತ್ತಿದ್ದು ಎಂದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ: ‘ರುಚಿಗೆ ತಕ್ಕಷ್ಟು ಉಪ್ಪು ಹಾಕಿ.’ ಕನ್ನಡದಲ್ಲಿ ಅಡುಗೆ ಬಗ್ಗೆ ಬರೆಯುವ ಕೈಗೆ ಈ ಸಾಲು ತಾನಾಗಿ ಬಂದುಬಿಡುತ್ತದೆ. ಆದರೆ ಹ್ಯಾಮ್ ಎಂದರೇನು? ಉಪ್ಪಿನಲ್ಲಿ ದಿನಗಟ್ಟಲೆ ಊರಿಸಿ, ಹೆಚ್ಚಾಗಿ ಹೊಗೆಯನ್ನೂ ಹಾಕಿದ ಹಂದಿಯ ಹಿಂಗಾಲಿನ ತೊಡೆ. ಆ ಉಪ್ಪೆಲ್ಲ ನೀರಿಗೆ ಇಳಿಯುತ್ತದೆ. ನಾನು ಸುಮ್ನೆ ಹೇಳುತ್ತಿಲ್ಲ. ಇಲ್ಲಿ ಮುಂಬೈಯಲ್ಲಿ, ಮಲಾಡ್‌ನ ಓರ್ಲೆಂನಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಅಂಗಡಿಗೆ ಹೇಳಿಟ್ಟು ಮೂಳೆ ತರಿಸಿದೆ. ಉಪ್ಪು ಒಂದು ಬಿಟ್ಟು ಮಿಕ್ಕದ್ದೆಲ್ಲ ನೀವು ಬರೆದ ಹಾಗೇ ಮಾಡಿದೆ. ನೀರು ಬತ್ತಿದ ಮೇಲೆ ಒಂದು ಚಮಚ ಬಾಯಿಗೆ ಹಾಕಿಕೊಂಡರೆ ನಾಲಿಗೆ ಚುರ್ ಎಂದಿತು. ಅಷ್ಟೇ ನೀರು ಮತ್ತೆ ಸೇರಿಸಬೇಕಾಯಿತು. ನಿಮ್ಮ ಮಾತು ನಂಬಿ ಉಪ್ಪನ್ನೂ ಹಾಕಿದ್ದರೆ ಬಚ್ಚಲಿಗೇ ಸುರಿಯಬೇಕಿತ್ತು.

‘ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿ’ ಎಂದೂ ಬರೆದಿದ್ದೀರಿ. ಹಾಗೆ ಮಾಡಿದರೆ ಕೊಬ್ಬು ನೀರಿನಲ್ಲಿ ಕಲೆತು ಸ್ಟಾಕ್ ರಾಡಿ ರಾಡಿಯಾಗುತ್ತದೆ. ನನ್ನದೂ ಆಯಿತು. ಎರಡನೇ ಸಲ ಮೂಳೆ ಮುಳುಗುವಷ್ಟು ತಣ್ಣೀರು, ಒಂದು ಈರುಳ್ಳಿ, ಕ್ಯಾರೆಟ್, ನಾಲ್ಕು ಕಾಳುಮೆಣಸು, ಒಂದು ಪಲಾವ್ ಎಲೆ ಹಾಕಿ ಸಣ್ಣ ಉರಿಯಲ್ಲಿಟ್ಟೆ. ಗುಳ್ಳೆ ಆಗೊಂದು ಈಗೊಂದು ಏಳುವಷ್ಟೇ ಉರಿ. ಮೇಲೆ ಬಂದ ನೊರೆ ತೆಗೆಯುತ್ತಾ ಮೂರೂವರೆ ಗಂಟೆ. ಗ್ಯಾಸ್ ಬೆಲೆ ನೆನಪಾದರೆ ಕುಕ್ಕರೇ ವಾಸಿ, ಒಂದು ಗಂಟೆಯೊಳಗೆ ಮುಗಿಯುತ್ತದೆ.

ಇನ್ನೆರಡು ತಪ್ಪು ಬೇಗ ಹೇಳಿಬಿಡುತ್ತೇನೆ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ಎಂದಿದ್ದೀರಿ, ಆದರೆ ಆಲೂಗಡ್ಡೆ ಉಪ್ಪನ್ನಷ್ಟೇ ಹೀರಿಕೊಳ್ಳುವುದಿಲ್ಲ. ಅದು ಉಪ್ಪುನೀರು ಕುಡಿಯುತ್ತದೆ, ಉಳಿದ ನೀರು ಅಷ್ಟೇ ಉಪ್ಪಾಗಿರುತ್ತದೆ. ‘ರಾತ್ರಿಯಿಡೀ ಒಲೆಯ ಮೇಲೆ ಆರಲು ಬಿಡಿ’ ಎಂಬುದನ್ನಂತೂ ನಾನು ಅಚ್ಚು ಮಾಡುವುದಿಲ್ಲ. ಗೋವಾದ ಸೆಕೆಯಲ್ಲಿ ಅದು ಹೊಟ್ಟೆ ಕೆಡಿಸುವ ದಾರಿ. ಸೋಸಿ, ಅಗಲವಾದ ಪಾತ್ರೆಗೆ ಸುರಿದು, ತಣ್ಣೀರಿನ ಪರಾತದಲ್ಲಿಟ್ಟು ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ ಮೂರು ನಾಲ್ಕು ದಿನ ಇರುತ್ತದೆ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು.

ಈಗ ನಾಲ್ಕನೇ ಪುಟ. ನಿಮ್ಮದೇ ಸಾಲು: ‘ಕ್ರಿಸ್‌ಮಸ್ ಮರುದಿನ ಮನೆ ಓನರ್ ಆಂಟಿ ಮೂಳೆ ಕೊಟ್ಟು ಮೀಟ್ ನಾಕಾ ಎಂದದ್ದನ್ನು ತಪ್ಪಾಗಿ ತಿಳಿದು ಮಾಂಸವನ್ನೆಲ್ಲ ತೆಗೆದೆನು, ಪರಿಣಾಮವಾಗಿ ಮೊದಲ ಪ್ರಯತ್ನ ವಿಫಲವಾಯಿತು.’

ಇಷ್ಟೇನಾ? ಕೊಂಕಣಿಯಲ್ಲಿ ಮೀಟ್ ಅಂದರೆ ಉಪ್ಪು. ಆಂಟಿ ಉಪ್ಪು ಬೇಡ ಎಂದರು. ಹುಬ್ಬಳ್ಳಿಯಿಂದ ಬಂದು ಆರು ತಿಂಗಳಾದ ನಿಮಗೆ ಅದು ಇಂಗ್ಲಿಷಿನ ಮೀಟ್ ಎಂದು ಕೇಳಿಸಿತು. ಮೂಳೆಗೆ ಅಂಟಿದ್ದ ಒಳ್ಳೇ ಮಾಂಸವನ್ನೆಲ್ಲ ಚಾಕುವಿನಲ್ಲಿ ಕೆರೆದು ತೆಗೆದಿರಿ, ಆಮೇಲೆ ಧಾರಾಳವಾಗಿ ಉಪ್ಪು ಸುರಿದಿರಿ. ಬೇಡ ಎಂದದ್ದನ್ನು ಹಾಕಿ, ಇರಬೇಕಾದದ್ದನ್ನು ತೆಗೆದಿರಿ! ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಇಂಥದ್ದನ್ನು ಕೈಯಲ್ಲಿಟ್ಟುಕೊಂಡು ನೀವು ‘ಪರಿಣಾಮವಾಗಿ ವಿಫಲವಾಯಿತು’ ಎಂದು ಬ್ಯಾಂಕ್ ವರದಿಯಂತೆ ಮುಗಿಸಿದ್ದೀರಿ. ಕೆರೆದ ಮಾಂಸ ಎಲ್ಲಿ ಹೋಯಿತು? ಮೊದಲ ಚಮಚ ಕುಡಿದವರು ಯಾರು? ವಿಷಯ ಗೊತ್ತಾದಾಗ ಆಂಟಿ ಏನಂದರು? ಅದನ್ನು ಅವರ ಮಾತಲ್ಲೇ ಬರೆಯಿರಿ, ಕೊಂಕಣಿಯಲ್ಲೇ ಇರಲಿ.

ನಿಮ್ಮ ಇನ್ನೊಂದು ಸಾಲೂ ನನಗೆ ಇಷ್ಟವಾಯಿತು. ‘ಬೆಳಿಗ್ಗೆ ಡಬ್ಬಿ ಓರೆ ಮಾಡಿದರೆ ಸ್ಟಾಕ್ ಹರಿಯಲಿಲ್ಲ, ಗಟ್ಟಿ ಮೊಸರಿನಂತೆ ನಡುಗಿತು.’ ಎಷ್ಟು ಚೆನ್ನಾಗಿದೆ! ಅದರ ಬೆನ್ನಿಗೇ ‘ಇದು ಪೋಷಕಾಂಶಗಳ ಆಗರ’ ಎಂದು ಯಾಕೆ ಸೇರಿಸಿದಿರಿ? ಕೀಲು, ಚರ್ಮದಲ್ಲಿರುವ ಕೊಲಾಜೆನ್ ಕರಗಿ ಜೆಲಾಟಿನ್ ಆಗುತ್ತದೆ, ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಹೇಳಲೇಬೇಕಿದ್ದರೆ ಇಷ್ಟು ಹೇಳಿ. ಮೇಲೆ ಕಟ್ಟಿದ ಕೊಬ್ಬಿನ ಕೆನೆಯನ್ನು ಚಮಚದಲ್ಲಿ ಎತ್ತಿದ್ದು ಹೇಗೆ ಎಂದು ಬರೆದರೆ ಇನ್ನೂ ಒಳ್ಳೆಯದು.

ಉಪಸಂಹಾರ ಬೇಡ. ಆದರೆ ಅದರೊಳಗೆ ಅಡಗಿಸಿಟ್ಟ ಒಂದು ಪ್ಯಾರಾ ಬೇಕೇ ಬೇಕು. ಎರಡನೇ ಸಲ ಸ್ಟಾಕ್ ಸರಿಯಾಗಿ ಬಂದು, ಅದಕ್ಕೆ ಅರ್ಧ ನೀರು ಬೆರೆಸಿ ಅಲಸಂದಿ ಬೇಯಿಸಿ, ಊರಿಂದ ತಂದ ಕಡಕ್ ರೊಟ್ಟಿ ಮುರಿದು ಹಾಕಿಕೊಂಡು ತಿಂದಿರಲ್ಲ, ಅದು. ಆಂಟಿಗೂ ಒಂದು ಬಟ್ಟಲು ಕೊಟ್ಟಿರಂತೆ. ರೊಟ್ಟಿ ನೋಡಿ ಅವರು ಇದೇನು ಹಪ್ಪಳವಾ ಎಂದು ಕೇಳಿದ್ದನ್ನು ಬಿಡಬೇಡಿ.

ಮೂರು ಪುಟದೊಳಗೆ ತಿದ್ದಿ ಈ ತಿಂಗಳ ಕೊನೆಯೊಳಗೆ ಕಳಿಸಿ. ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಒಂದು ಮಾತು ಕೇಳುವುದಿದೆ. ಕೊನೆಯಲ್ಲಿ ಕಂಸದೊಳಗೆ ‘ಹಂದಿ ತಿಂದದ್ದು ಅವ್ವಗ ಇನ್ನೂ ಹೇಳಿಲ್ಲ’ ಎಂದು ಬರೆದಿದ್ದೀರಿ. ನನಗೆ ಆ ಸಾಲು ಬೇಕು. ಆದರೆ ಇರಲೋ ಬೇಡವೋ ನೀವೇ ಹೇಳಿ. ನಮ್ಮ ಪತ್ರಿಕೆ ಹುಬ್ಬಳ್ಳಿಗೂ ಹೋಗುತ್ತದೆ.